ಕೂಡಿದ್ದು ಏತಕ್ಕಾಗಿ?

ನಮ್ಮ ಹಿರಿಯರು ಹೇಳುತ್ತಿದ್ದ ಕತೆಯೊಂದುಂಟು. ಒಬ್ಬ ಗೃಹಸ್ಥನ ಮನೆಯಲ್ಲಿ ಬೆಕ್ಕೊಂದಿತ್ತು. ಶ್ರಾದ್ಧದ ದಿನ ಅದು ಹಾಲಿನ ಪಾತ್ರೆಗೆ ಬಾಯಿ ಹಾಕೀತೆಂದು ಹೆದರಿ ಆತನು ಅದನ್ನು ಬುಟ್ಟಿಯ ಕೆಳಗೆ ಮುಚ್ಚಿಡುತ್ತಿದ್ದನು. ಮಗನು ವರ್ಷವರ್ಷವೂ ಇದನ್ನು ಕಂಡನು. ಕಾಲಕ್ರಮದಲ್ಲಿ ತಂದೆ ತೀರಿಕೊಂಡನು, ಬೆಕ್ಕೂ ಸತ್ತಿತು. ಮಗನು ಶ್ರಾದ್ಧ ಮಾಡಬೇಕಾಗಿ ಬಂದಾಗ, ನೆರೆಮನೆಯ ಬೆಕ್ಕನ್ನು ಬೇಡಿ ತಂದು, ಬುಟ್ಟಿಯ ಕೆಳಗೆ ಮುಚ್ಚಿ, ಆಮೇಲೆ ಕರ್ಮವನ್ನು ಆರಂಭಿಸಿದನಂತೆ!

ಈ ಕತೆಯನ್ನು ಕೇಳಿದಾಗ ನಗು ಬರುವುದು ಸಹಜ. ಆದರೆ ಆ ಮಗನು ಮೂರ್ಖನೂ ಅಲ್ಲ, ಕಪಟಿಯೂ ಅಲ್ಲ. ಕಣ್ಣಿಗೆ ಕಂಡದ್ದನ್ನು ಆತನು ಶ್ರದ್ಧೆಯಿಂದ ಕಲಿತನು. ಕಣ್ಣಿಗೆ ಕಾಣದ ಕಾರಣವನ್ನು ಯಾರೂ ಅವನಿಗೆ ತಿಳಿಸಿರಲಿಲ್ಲ. ಒಂದು ಮನೆಯಲ್ಲಿ ಎರಡು ತಲೆಮಾರುಗಳಲ್ಲಿ ನಡೆದ ಈ ಸಂಗತಿಯು, ಜನರು ಕೂಡಿ ಕಟ್ಟಿಕೊಂಡ ಸಂಘಸಂಸ್ಥೆಗಳಲ್ಲಿ ಕೆಲವೇ ವರ್ಷಗಳಲ್ಲಿ ನಡೆದುಬಿಡುವುದುಂಟು. ಒಂದು ಸದುದ್ದೇಶಕ್ಕಾಗಿ ಕೆಲವರು ಕೂಡುತ್ತಾರೆ, ಕೂಟವು ಬೆಳೆಯುತ್ತದೆ, ಬೆಳೆದಂತೆಲ್ಲ ಆ ಉದ್ದೇಶವು ಹಿಂದೆ ಸರಿದು, ಕೂಡುವುದೇ ಉದ್ದೇಶವಾಗಿ ನಿಲ್ಲುತ್ತದೆ. ಇದು ಹೇಗಾಗುತ್ತದೆ, ಇದನ್ನು ತಡೆಯಬಹುದೇ ಎಂಬುದನ್ನು ಇಲ್ಲಿ ವಿಚಾರ ಮಾಡೋಣ. ನಾನೇ ಕಂಡುಂಡ ಒಂದು ಸಣ್ಣ ಉದಾಹರಣೆಯಿಂದ ಆರಂಭಿಸುತ್ತೇನೆ.

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿರುವ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡಗಳು ಹಲವು ನುಡಿಗಳು ಕೂಡಿ ಬಾಳುವ ಸೀಮೆ. ಹಳಿಯಾಳದ ಪೇಟೆಯಲ್ಲಿ ಕನ್ನಡದ ಜೊತೆಜೊತೆಗೇ ಮರಾಠಿ ಕಿವಿಗೆ ಬೀಳುತ್ತದೆ. ಜೋಯಿಡಾದ ಕಾಡಿನ ನಡುವಿನ ಹಳ್ಳಿಗಳಲ್ಲಿ ಕೊಂಕಣಿ ಮನೆಮಾತಾಗಿದೆ. ಮುಂಡಗೋಡದ ಬಳಿ 1966ರಿಂದ ಟಿಬೆಟಿನ ನಿರಾಶ್ರಿತರು ನೆಲೆಸಿದ್ದಾರೆ. ದಾಂಡೇಲಿಯಲ್ಲಂತೂ 1950ರ ದಶಕದ ಕೊನೆಯಲ್ಲಿ ಕಾಗದದ ಕಾರ್ಖಾನೆಯು ಕೆಲಸ ಆರಂಭಿಸಿದಂದಿನಿಂದ ನಾನಾ ಪ್ರಾಂತಗಳ ದುಡಿಯುವ ಜನರು ಬಂದು ಸೇರಿದರು. ಇಂತಹ ಊರಿನಲ್ಲಿ ಮಾತನಾಡುವಷ್ಟು ಕನ್ನಡ ಎಲ್ಲರಿಗೂ ಬರುತ್ತದೆ. ಓದುವಷ್ಟು ಕನ್ನಡ ಬಾರದವರು ಮಾತ್ರ ಅನೇಕರು.

1986ರಲ್ಲಿ ನಾನು ದಾಂಡೇಲಿಯಲ್ಲಿ ತರುಣ ಶಿಕ್ಷಕನಾಗಿದ್ದೆನು. ಪ್ರತಿ ಭಾನುವಾರ ಸಂಜೆ ನಮ್ಮ ಬಾಡಿಗೆಯ ಮನೆಯ ಜಗಲಿಯ ಮೇಲೆ ಏಳು ಜನ ಕೂಡುವ ರೂಢಿ ಬೆಳೆಯಿತು. ಅವರಲ್ಲಿ ತೆಲುಗು ಮನೆಮಾತಿನ ಇಬ್ಬರು ಕಾರ್ಮಿಕರಿದ್ದರು. ಸೂಪಾ ಜಲಾಶಯದ ನೀರಿಗೆ ಊರನ್ನು ಬಿಟ್ಟುಕೊಟ್ಟು ಬಂದ ಹಿರಿಯರೊಬ್ಬರಿದ್ದರು. ಕಚೇರಿಯಿಂದ ಬಂದ ಕಾಗದಗಳನ್ನು ಪರರ ಕೈಯಲ್ಲಿ ಓದಿಸಿಕೊಳ್ಳಬೇಕಾದ ಸಂಕಟ ಅವರದು. ಹೊಲಿಗೆಯಿಂದ ಜೀವನ ಸಾಗಿಸುತ್ತಿದ್ದ ಮರಾಠಿ ಮನೆಮಾತಿನ ಹೆಣ್ಣುಮಗಳೊಬ್ಬರಿದ್ದರು. ನಾವೆಲ್ಲರೂ ಅವರನ್ನು ಗೌರವದಿಂದ ‘ಬಾಯಿ’ ಎಂದೇ ಕರೆಯುತ್ತಿದ್ದೆವು. ಮಗನ ಶಾಲೆಯ ಪುಸ್ತಕವನ್ನು ತಾವೂ ಓದಬೇಕೆಂಬುದು ಅವರ ಆಸೆ. ಉಳಿದ ಮೂವರು ಕನ್ನಡ ಬಲ್ಲವರು. ಒಂದು ಇನ್ನೂರು ಪುಟದ ನೋಟುಬುಕ್ಕಿನ ಮೊದಲ ಹಾಳೆಯಲ್ಲಿ ನಾವು ಎರಡೇ ನಿಯಮಗಳನ್ನು ಬರೆದುಕೊಂಡೆವು: ‘ಬಂದವರೆಲ್ಲರೂ ಓದಬೇಕು. ಓದುವವರನ್ನು ಕಂಡು ಯಾರೂ ನಗಬಾರದು.’

ಒಬ್ಬೊಬ್ಬರು ಹತ್ತು ನಿಮಿಷ ಓದುತ್ತಿದ್ದರು, ಉಳಿದವರು ತಿದ್ದುತ್ತಿದ್ದರು. ಒಂದು ಗಂಟೆ ಹತ್ತು ನಿಮಿಷದಲ್ಲಿ ಸುತ್ತು ಮುಗಿಯುತ್ತಿತ್ತು. ಎಂಟು ತಿಂಗಳ ಬಳಿಕ ಸೂಪಾದ ಹಿರಿಯರು ತಮ್ಮ ಹೆಸರಿಗೆ ಬಂದ ಕಾಗದವೊಂದನ್ನು ತಾವೇ ಬಿಡಿಸಿ ಓದಿ ನಮಗೆ ಕೇಳಿಸಿದರು. ಆ ಸಂಜೆ ನಮಗಾದ ಆನಂದವು ಅಷ್ಟಿಷ್ಟಲ್ಲ.

ಸುದ್ದಿ ಹಬ್ಬಿತು. ಹಳಿಯಾಳದಿಂದ, ಜೋಯಿಡಾದಿಂದ ಸಹ ಜನರು ಬರತೊಡಗಿದರು. ಏಳು ಜನ ಇಪ್ಪತ್ತಾದರು, ನಾಲ್ವತ್ತಾದರು. ಮೂರನೆಯ ವರ್ಷಕ್ಕೆ ಎಪ್ಪತ್ತಾದರು. ಜಗಲಿ ಸಾಲದೆ ನಾವು ಒಂದು ಸಭಾಗೃಹಕ್ಕೆ ಹೋದೆವು. ಈಗ ಒಂದು ಸರಳ ಲೆಕ್ಕವನ್ನು ಮಾಡಿ ನೋಡಿರಿ. ಎಪ್ಪತ್ತು ಜನರು ತಲೆಗೆ ಹತ್ತು ನಿಮಿಷದಂತೆ ಓದಿದರೆ ಏಳುನೂರು ನಿಮಿಷ, ಅಂದರೆ ಹನ್ನೊಂದು ಗಂಟೆ ನಲವತ್ತು ನಿಮಿಷ ಬೇಕು. ಅದು ಆಗದ ಮಾತು. ಆದುದರಿಂದ ಚೆನ್ನಾಗಿ ಓದಬಲ್ಲ ಐದಾರು ಮಂದಿಯನ್ನು ಆರಿಸಿ ಅವರಿಂದ ಓದಿಸುವುದೆಂದು ತೀರ್ಮಾನಿಸಿದೆವು. ಅದು ಆ ಹೊತ್ತಿಗೆ ಯೋಗ್ಯವಾದ ತೀರ್ಮಾನವೆಂದೇ ತೋರಿತು. ಆದರೆ ಓದಬಲ್ಲವರೇ ಓದುವುದಾದರೆ, ಓದು ಬಾರದವರು ಬರುವುದೇತಕ್ಕೆ ಎಂದು ಕೇಳಿಕೊಳ್ಳುವ ವ್ಯವಧಾನ ನಮಗಾರಿಗೂ ಇರಲಿಲ್ಲ.

ಮುಂದಿನ ಹೆಜ್ಜೆಗಳು ಒಂದರ ಹಿಂದೆ ಒಂದು ಬಂದವು. ಸಭಾಗೃಹಕ್ಕೆ ಬಾಡಿಗೆ ಕೊಡಬೇಕಾಯಿತು. ಬಾಡಿಗೆಗೆ ವಂತಿಗೆ ಬೇಕಾಯಿತು. ವಂತಿಗೆಗೆ ರಸೀದಿ ಪುಸ್ತಕ, ಲೆಕ್ಕಕ್ಕೆ ಖಜಾಂಚಿ, ಖಜಾಂಚಿಯ ಜೊತೆಗೆ ಅಧ್ಯಕ್ಷ, ಕಾರ್ಯದರ್ಶಿ ಮತ್ತು ಸಮಿತಿ ಬಂದವು. ವಂತಿಗೆ ಕೊಟ್ಟವರಿಗೆ ಏನನ್ನಾದರೂ ತೋರಿಸಬೇಕಲ್ಲವೇ? ವಾರ್ಷಿಕೋತ್ಸವ ಬಂದಿತು, ಆಹ್ವಾನಪತ್ರಿಕೆ, ಮುಖ್ಯ ಅತಿಥಿ, ಶಾಲು, ಹಾರ, ಧ್ವನಿವರ್ಧಕಗಳು ಬಂದವು. ಆಹ್ವಾನಪತ್ರಿಕೆಯಲ್ಲಿ ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂಬ ಚರ್ಚೆಯಲ್ಲಿ ನಮ್ಮ ಎಷ್ಟೋ ಭಾನುವಾರಗಳು ಕಳೆದುಹೋದವು. ಇವುಗಳಲ್ಲಿ ಒಂದೊಂದು ಹೆಜ್ಜೆಗೂ ಒಂದೊಂದು ಸಮರ್ಥನೆಯಿತ್ತು. ಒಟ್ಟು ಹೆಜ್ಜೆಗಳು ನಮ್ಮನ್ನು ಎಲ್ಲಿಗೆ ಒಯ್ದವು ಎಂಬುದನ್ನು ಮಾತ್ರ ಯಾರೂ ನೋಡಲಿಲ್ಲ.

1991ರ ವಾರ್ಷಿಕೋತ್ಸವದ ದಿನ. ಕಾರ್ಯದರ್ಶಿಯಾಗಿದ್ದ ನಾನು ಅತಿಥಿಗಳಿಗೆ ಹೊದಿಸಬೇಕಾದ ಶಾಲನ್ನು ಹುಡುಕುತ್ತ ಅತ್ತಿಂದಿತ್ತ ಓಡಾಡುತ್ತಿದ್ದೆನು. ಬಟ್ಟೆಯಲ್ಲಿ ಸುತ್ತಿದ ಪುಸ್ತಕವನ್ನು ಎದೆಗವಚಿಕೊಂಡು ಬಾಯಿಯವರು ಬಾಗಿಲ ಬಳಿ ನಿಂತಿದ್ದರು. ಒಂದು ತಿಂಗಳಿನಿಂದ ಒಂದು ಪುಟವನ್ನು ಅಭ್ಯಾಸ ಮಾಡಿಕೊಂಡು ಬಂದಿದ್ದರಂತೆ. ‘ಮಾಸ್ತರೆ, ಇವತ್ತು ಓದುವುದು ಯಾವಾಗ?’ ಎಂದು ಕೇಳಿದರು. ‘ಬಾಯಿ, ಇವತ್ತು ಸಮಯವಿಲ್ಲ, ಮುಂದಿನ ಸಲ ನೋಡೋಣ’ ಎಂದು ಹೇಳಿ ನಾನು ಮುಂದೆ ಹೋದೆನು.

ಮುಂದಿನ ಸಲ ಅವರು ಬರಲಿಲ್ಲ. ಆಗ ಹಾಜರಿಯ ಪುಸ್ತಕವನ್ನು ತೆರೆದು ನೋಡಿದೆನು. ಸೂಪಾದ ಹಿರಿಯರು ಬರುವುದನ್ನು ಬಿಟ್ಟು ಎರಡು ವರ್ಷಗಳಾಗಿದ್ದವು. ಆ ಇಬ್ಬರು ಕಾರ್ಮಿಕರೂ ಬಿಟ್ಟಿದ್ದರು. ಯಾರಿಗಾಗಿ ಕೂಟವು ಹುಟ್ಟಿತೋ ಅವರೆಲ್ಲರೂ ಹೊರಟುಹೋಗಿದ್ದರು. ಹಾಜರಿಯ ಸಂಖ್ಯೆ ಮಾತ್ರ ವರ್ಷದಿಂದ ವರ್ಷಕ್ಕೆ ಏರುತ್ತಲೇ ಇದ್ದಿತು! ಏರುವ ಸಂಖ್ಯೆಯನ್ನು ನೋಡಿ ನಾವು ಬೆನ್ನು ತಟ್ಟಿಕೊಳ್ಳುತ್ತಿದ್ದೆವು.

ಇಲ್ಲಿ ಯಾರೂ ಕೆಟ್ಟವರಿರಲಿಲ್ಲ. ಹಾಗಾದರೆ ಇದು ಏಕೆ ಆಯಿತು? ಯೋಚಿಸಿದಾಗ ಮೂರು ಕಾರಣಗಳು ಕಾಣುತ್ತವೆ. ಮೊದಲನೆಯದು, ಪರಿಚಯ ತೆಳುವಾದುದು. ಏಳು ಜನರ ಕೂಟದಲ್ಲಿ ಇಬ್ಬಿಬ್ಬರ ನಡುವಣ ಪರಿಚಯಗಳು ಒಟ್ಟು ಇಪ್ಪತ್ತೊಂದು. ಎಪ್ಪತ್ತು ಜನರಲ್ಲಿ ಅವು 2,415. ಜನರು ಹತ್ತು ಪಟ್ಟು ಹೆಚ್ಚಿದರೆ ಪರಿಚಯಗಳು ನೂರ ಹದಿನೈದು ಪಟ್ಟು ಹೆಚ್ಚಬೇಕಾಗುತ್ತದೆ! ಇದು ಅಸಾಧ್ಯವಾದುದರಿಂದ, ಯಾರು ಬಂದರು, ಯಾರು ಬಿಟ್ಟರು ಎಂಬುದು ಯಾರ ಗಮನಕ್ಕೂ ಬಾರದೆ ಹೋಗುತ್ತದೆ. ಎರಡನೆಯದು, ಎಣಿಸಲು ಬರುವ ವಸ್ತುವಿಗೆ ಬೆಲೆ ಹೆಚ್ಚುವುದು. ಕುರ್ಚಿಗಳನ್ನು ಎಣಿಸಬಹುದು, ರಸೀದಿಗಳನ್ನು ಎಣಿಸಬಹುದು. ಒಬ್ಬ ಹೆಣ್ಣುಮಗಳ ನಾಲಗೆಯ ತೊಡಕು ಎಷ್ಟು ಬಿಡಿಸಿತೆಂಬುದನ್ನು ಎಣಿಸಲಾಗದು. ಮೂರನೆಯದು, ಹೊಸಬರು ಕಲಿಯುವ ಬಗೆ. ಐದನೆಯ ವರ್ಷ ಬಂದವರು ಮೊದಲ ವರ್ಷದ ಜಗಲಿಯನ್ನು ಕಂಡಿರಲಿಲ್ಲ; ಅವರು ಕಂಡದ್ದು ವೇದಿಕೆಯನ್ನು. ಕೂಟವೆಂದರೆ ಹಾರ, ಶಾಲು, ಭಾಷಣ ಎಂದು ಅವರು ತಿಳಿದುದು ನ್ಯಾಯವೇ ಆಗಿತ್ತು. ಬುಟ್ಟಿಯ ಕೆಳಗಿನ ಬೆಕ್ಕನ್ನು ಅವರಿಗೆ ತೋರಿಸಿದವರು ನಾವೇ.

ನಮ್ಮಂತಹ ಪುಟ್ಟ ಕೂಟಗಳಿಗೆ ಮಾತ್ರ ಬರುವ ತೊಡಕು ಇದೆಂದು ತಿಳಿಯಬಾರದು. ನಾಡಿಗೇ ಹಿರಿದಾದ ಸಂಸ್ಥೆಗಳೂ ಇದನ್ನು ಎದುರಿಸಿವೆ. ಕನ್ನಡ ಸಾಹಿತ್ಯ ಪರಿಷತ್ತಿನ ಚರಿತ್ರೆಯನ್ನೇ ನೋಡಿರಿ. 1915ರ ಮೇ 5ರಂದು ಬೆಂಗಳೂರಿನಲ್ಲಿ ಇದು ಸ್ಥಾಪನೆಯಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯವೂ ದಿವಾನ ಎಂ. ವಿಶ್ವೇಶ್ವರಯ್ಯನವರ ಉತ್ಸಾಹವೂ ಇದಕ್ಕೆ ದೊರೆತವು. ಎಚ್.ವಿ. ನಂಜುಂಡಯ್ಯನವರು ಮೊದಲ ಅಧ್ಯಕ್ಷರಾದರು. ಆಗ ಕನ್ನಡಿಗರು ಮೈಸೂರು ಸಂಸ್ಥಾನ, ಮುಂಬಯಿ ಮತ್ತು ಮದರಾಸು ಪ್ರಾಂತಗಳು, ಹೈದರಾಬಾದು ರಾಜ್ಯ, ಕೊಡಗು ಎಂದು ಹರಿದು ಹಂಚಿಹೋಗಿದ್ದರು. ನಮ್ಮ ಹಳಿಯಾಳ, ಸೂಪಾ ಸೀಮೆಗಳು ಮುಂಬಯಿ ಪ್ರಾಂತದಲ್ಲಿದ್ದವು. ಒಂದೊಂದು ಕಡೆ ಒಂದೊಂದು ಬಗೆಯಾಗಿದ್ದ ಬರವಣಿಗೆಯ ಕನ್ನಡಕ್ಕೆ ಏಕರೂಪವನ್ನು ತರುವುದು, ಶಾಸ್ತ್ರವಿಷಯಗಳಿಗೆ ಪಾರಿಭಾಷಿಕ ಪದಗಳನ್ನು ಒದಗಿಸುವುದು, ಒಳ್ಳೆಯ ಗ್ರಂಥಗಳನ್ನು ಪ್ರಕಟಿಸುವುದು ಮೊದಲಾದ ಕಾರ್ಯಗಳಿಗಾಗಿ ವಿದ್ವಾಂಸರು ಕೂಡಿದರು. ಅವರು ವರ್ಷಕ್ಕೊಮ್ಮೆ ಸೇರುವ ಸಭೆಯೇ ಸಾಹಿತ್ಯ ಸಮ್ಮೇಳನ.

ಕಾಲವು ಸರಿಯಿತು. 1956ರ ನವೆಂಬರ್ 1ರಂದು ಕನ್ನಡನಾಡು ಒಂದಾಯಿತು. ಪರಿಷತ್ತಿನ ಶಾಖೆಗಳು ಜಿಲ್ಲೆ ಜಿಲ್ಲೆಗೆ, ತಾಲೂಕು ತಾಲೂಕಿಗೆ ಹಬ್ಬಿದವು. ಸದಸ್ಯರ ಸಂಖ್ಯೆಯು ಲಕ್ಷಗಳನ್ನು ದಾಟಿತು. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ನಡೆದುದು 87ನೆಯ ಸಮ್ಮೇಳನ. ಇಂದು ಸಮ್ಮೇಳನವೆಂದರೆ ಜನಜಾತ್ರೆ. ಮೆರವಣಿಗೆ, ಮಂಟಪ, ವಸತಿ, ಊಟದ ಏರ್ಪಾಡುಗಳೇ ಸುದ್ದಿಯ ಬಹುಭಾಗವನ್ನು ಆಕ್ರಮಿಸುತ್ತವೆ. ಗೋಷ್ಠಿಯಲ್ಲಿ ಯಾರು ಏನು ಹೇಳಿದರೆಂಬುದು ಹಿಂದೆ ಬೀಳುತ್ತದೆ. ಪರಿಷತ್ತಿನ ಅಧ್ಯಕ್ಷರ ಚುನಾವಣೆಗೆ ನಾಡಿನ ಉದ್ದಗಲಕ್ಕೂ ಪ್ರಚಾರ ನಡೆಯುತ್ತದೆ. ಮೊದಲ ವಿದ್ವಾಂಸರು ಇಂದು ಎದ್ದು ಬಂದರೆ ತಾವು ನೆಟ್ಟ ಗಿಡವನ್ನು ಗುರುತಿಸುವರೇ ಎಂಬ ಸಂದೇಹ ಮೂಡದಿರದು.

ಆದರೆ ಇಲ್ಲಿಯೇ ನಾವು ಎಚ್ಚರದಿಂದ ಇರಬೇಕು. ಬದಲಾವಣೆಯೆಲ್ಲವೂ ದಾರಿ ತಪ್ಪುವುದಲ್ಲ. ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ಮೊದಲ ಬಾರಿಗೆ ಮಹಿಳೆಯೊಬ್ಬರು, ಜಯದೇವಿತಾಯಿ ಲಿಗಾಡೆಯವರು, ಕುಳಿತದ್ದು 1974ರಲ್ಲಿ, ಮಂಡ್ಯದಲ್ಲಿ. ಸ್ಥಾಪನೆಯಾದ ಐವತ್ತೊಂಬತ್ತು ವರ್ಷಗಳ ಬಳಿಕ! 1979ರ ಧರ್ಮಸ್ಥಳ ಸಮ್ಮೇಳನದ ಸಂದರ್ಭದಲ್ಲಿ ದಲಿತ ಸಾಹಿತ್ಯಕ್ಕೆ ಪ್ರತ್ಯೇಕ ಗೋಷ್ಠಿ ಬೇಕೆಂಬ ಕೋರಿಕೆಗೆ ಮನ್ನಣೆ ದೊರೆಯಲಿಲ್ಲ. ಅದೇ ವರ್ಷ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನವು ನಡೆಯಿತು. ಕೆಲವೇ ವಿದ್ವಾಂಸರ ಸಭೆಯಾಗಿ ಉಳಿದಿದ್ದರೆ ಕನ್ನಡದ ಎಷ್ಟೋ ಕೊರಳುಗಳು ಹೊರಗೇ ನಿಲ್ಲುತ್ತಿದ್ದವು. ಬಾಗಿಲನ್ನು ಅಗಲ ಮಾಡುವುದು ಉದ್ದೇಶಕ್ಕೆ ದ್ರೋಹವಲ್ಲ. ಕನ್ನಡವನ್ನು ಬೆಳೆಸುವುದೇ ಗುರಿಯಾದ ಮೇಲೆ ಕನ್ನಡಿಗರೆಲ್ಲರನ್ನೂ ಒಳಗೆ ಕರೆಯುವುದು ಆ ಗುರಿಯ ಮುಂದುವರಿಕೆಯೇ ಸರಿ. ಹೊಸದಾಗಿ ಬಂದವರಿಂದ ಗುರಿಯು ಹಿಗ್ಗಿದರೆ ಅದು ಬೆಳವಣಿಗೆ. ಬಂದವರ ಸಂಖ್ಯೆಯೇ ಗುರಿಯಾದರೆ ಅದು ದಾರಿ ತಪ್ಪುವಿಕೆ. ಈ ಭೇದವನ್ನು ನಾವು ಮರೆಯಬಾರದು.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಇದೇ ಪರಿಷತ್ತಿನಲ್ಲಿ, ಜಾತ್ರೆಯ ಗದ್ದಲವು ತಟ್ಟದ ಒಳಕೋಣೆಯಲ್ಲಿ, ನಿಘಂಟಿನ ಕೆಲಸವು 1940ರ ದಶಕದಿಂದ ನಡೆಯಿತು. ಶಾಸನಗಳನ್ನೂ ಕಾವ್ಯಗಳನ್ನೂ ಶೋಧಿಸಿ, ಒಂದೊಂದು ಶಬ್ದಕ್ಕೂ ಪ್ರಯೋಗಗಳನ್ನು ಹುಡುಕಿ, ಚೀಟಿಗಳಲ್ಲಿ ಬರೆದು ಜೋಡಿಸುವ ಕೆಲಸವದು. ಅದರ ಪ್ರಧಾನ ಸಂಪಾದಕರಾಗಿ ದುಡಿದವರಲ್ಲಿ ಜಿ. ವೆಂಕಟಸುಬ್ಬಯ್ಯನವರು ಪ್ರಮುಖರು. ಎಂಟು ಸಂಪುಟಗಳಲ್ಲಿ ಕೊನೆಯದು ಹೊರಬಂದದ್ದು 1995ರಲ್ಲಿ. ಅರ್ಧ ಶತಮಾನದ ಈ ದುಡಿಮೆಗೆ ಚಪ್ಪಾಳೆ ತಟ್ಟುವ ಸಭೆಯಿರಲಿಲ್ಲ. ಆದರೂ ಆ ಕೆಲವೇ ಜನರು ಕೂಡಿದ್ದು ಏತಕ್ಕಾಗಿ ಎಂಬುದನ್ನು ಮರೆಯಲಿಲ್ಲ. ದೊಡ್ಡ ಮನೆಯೊಳಗೆ ಸಣ್ಣ ಕೋಣೆಯೊಂದು ಉಳಿದರೆ ಮೂಲ ಉದ್ದೇಶವು ಅಲ್ಲಿ ಬದುಕಿರುತ್ತದೆ ಎಂಬುದಕ್ಕೆ ಇದು ನಿದರ್ಶನ.

ಹೊರದೇಶದ ಒಂದು ದೃಷ್ಟಾಂತವೂ ಇದಕ್ಕೆ ಪೂರಕವಾಗಿದೆ. 1979–80ರಲ್ಲಿ ಅಮೆರಿಕದ ವಿದ್ಯಾರ್ಥಿಗಳು ಕಂಪ್ಯೂಟರುಗಳ ಮೂಲಕ ಪರಸ್ಪರ ಚರ್ಚಿಸುವ ‘ಯೂಸ್‌ನೆಟ್’ ಎಂಬ ವ್ಯವಸ್ಥೆಯನ್ನು ಕಟ್ಟಿದರು. ಅಲ್ಲಿ ವಿಷಯಕ್ಕೊಂದು ಗುಂಪಿತ್ತು, ಗುಂಪಿಗೊಂದು ಶಿಷ್ಟಾಚಾರವಿತ್ತು. ಪ್ರತಿ ಸೆಪ್ಟೆಂಬರಿನಲ್ಲಿ ವಿಶ್ವವಿದ್ಯಾಲಯಗಳಿಗೆ ಹೊಸ ವಿದ್ಯಾರ್ಥಿಗಳು ಸೇರಿದಾಗ ಕೆಲವು ದಿನ ಗದ್ದಲವಾಗುತ್ತಿತ್ತು. ಹಳಬರು ಅವರಿಗೆ ರೀತಿನೀತಿಗಳನ್ನು ಕಲಿಸುತ್ತಿದ್ದರು. ಕೆಲವು ವಾರಗಳಲ್ಲಿ ಎಲ್ಲವೂ ಸ್ವಸ್ಥವಾಗುತ್ತಿತ್ತು. 1993ರ ಸುಮಾರಿಗೆ ವ್ಯಾಪಾರಿ ಸಂಸ್ಥೆಗಳು ತಮ್ಮ ಗಿರಾಕಿಗಳಿಗೆಲ್ಲ ಆ ಬಾಗಿಲನ್ನು ತೆರೆದವು. ಹೊಸಬರು ತಿಂಗಳು ತಿಂಗಳೂ ಬರತೊಡಗಿದರು. ಕಲಿಸುವವರು ಕೆಲವರು, ಕಲಿಯಬೇಕಾದವರು ಅಸಂಖ್ಯರು. ಹಳಬರು ಇದನ್ನು ‘ಮುಗಿಯದ ಸೆಪ್ಟೆಂಬರ್’ ಎಂದು ಕರೆದರು. ಹೊಸಬರು ಬರುವುದು ಅಲ್ಲಿ ತಪ್ಪಾಗಿರಲಿಲ್ಲ. ಅವರು ಬರುವ ವೇಗವು ಅವರಿಗೆ ಕಲಿಸುವ ವೇಗವನ್ನು ಮೀರಿದ್ದೇ ತೊಡಕಾಯಿತು. ಪ್ರತಿ ವರ್ಷ ಹೊಸ ಮಕ್ಕಳು ಬಂದರೂ ನಿಮ್ಮ ಶಾಲೆಯು ಶಾಲೆಯಾಗಿಯೇ ಉಳಿಯುವುದು ಏಕೆ? ಬಂದವರನ್ನು ಕೈಹಿಡಿದು ಕಲಿಸುವವರು ಅಲ್ಲಿರುವುದರಿಂದ.

ಈಗ ನಮ್ಮ ದಾಂಡೇಲಿಯ ಕೂಟಕ್ಕೆ ಮರಳೋಣ. ನಾನು ಬಾಯಿಯವರ ಮನೆಗೆ ಹೋಗಿ, ಬಾರದಿರಲು ಕಾರಣವೇನೆಂದು ಕೇಳಿದೆನು. ಅವರು ಹೊಲಿಗೆಯ ಯಂತ್ರವನ್ನು ನಿಲ್ಲಿಸಿ, ‘ಅಲ್ಲಿ ನನ್ನ ಕೆಲಸ ಚಪ್ಪಾಳೆ ತಟ್ಟುವುದಷ್ಟೇ, ಮಾಸ್ತರೆ. ಅದಕ್ಕೆ ಕನ್ನಡ ಕಲಿಯಬೇಕಾಗಿಲ್ಲ’ ಎಂದರು. ಆ ಮಾತಿನಲ್ಲಿ ಕೋಪವಿರಲಿಲ್ಲ. ಆದುದರಿಂದಲೇ ಅದು ನನ್ನನ್ನು ಹೆಚ್ಚು ನೋಯಿಸಿತು.

ಮುಂದಿನ ಸಭೆಯಲ್ಲಿ ನೋಟುಬುಕ್ಕಿನ ಮೊದಲ ಹಾಳೆಯನ್ನು ಎಲ್ಲರೆದುರಿಗೆ ಓದಿದೆನು. ಹೆಚ್ಚಿನವರು ಆ ಎರಡು ನಿಯಮಗಳನ್ನು ಕೇಳಿದುದು ಅದೇ ಮೊದಲು. ಬಹಳ ಚರ್ಚೆಯಾಯಿತು. ಕೊನೆಗೆ ಕೂಟವನ್ನು ಎಂಟೆಂಟು ಜನರ ಗುಂಪುಗಳಾಗಿ ಒಡೆದೆವು. ದಾಂಡೇಲಿಯಲ್ಲಿ ಮೂರು, ಹಳಿಯಾಳದಲ್ಲಿ ಎರಡು, ಜೋಯಿಡಾ ಮತ್ತು ಮುಂಡಗೋಡಗಳಲ್ಲಿ ಒಂದೊಂದು ಗುಂಪು ಆರಂಭವಾದವು. ಪ್ರತಿ ಗುಂಪಿನಲ್ಲಿಯೂ ಹಳಬರೊಬ್ಬರು ಇರಲೇಬೇಕು. ಹೊಸಬರು ಬಂದ ದಿನ ಮೊದಲ ಹಾಳೆಯನ್ನು ಓದಲೇಬೇಕು ಎಂದು ಗೊತ್ತುಮಾಡಿದೆವು. ವೇದಿಕೆ ತಪ್ಪಿತೆಂದು ಕೆಲವರು ಬೇಸರಗೊಂಡು ಬಿಟ್ಟುಹೋದರು. ಜೋಯಿಡಾದ ಗುಂಪು ಮಳೆಗಾಲವನ್ನು ದಾಟಲಿಲ್ಲ. ಹಳಿಯಾಳದ ಒಂದು ಗುಂಪು ಎರಡು ವರ್ಷ ನಡೆದು ನಿಂತಿತು. ಮುಂಡಗೋಡದ ಗುಂಪಿನಲ್ಲಿ ಟಿಬೆಟಿನ ತರುಣನೊಬ್ಬನು ಅಂಗಡಿಯ ಲೆಕ್ಕವನ್ನು ಕನ್ನಡದಲ್ಲಿ ಬರೆಯಲು ಕಲಿತನು. ಹಾಜರಿಯ ಸಂಖ್ಯೆ ಇಳಿಯಿತು. ಬಾಯಿಯವರು ಮರಳಿ ಬಂದರು. ಅಭ್ಯಾಸ ಮಾಡಿಟ್ಟಿದ್ದ ಆ ಪುಟವನ್ನು ನಾಲ್ಕು ಕಡೆ ತಡವರಿಸಿ, ಕೊನೆಯವರೆಗೂ ಓದಿದರು. ಯಾರೂ ನಗಲಿಲ್ಲ.

ವಿದ್ಯಾರ್ಥಿಗಳೇ, ನೀವೂ ಕೂಟಗಳನ್ನು ಕಟ್ಟುವಿರಿ. ಆಟದ ತಂಡ, ವಿಜ್ಞಾನ ಸಂಘ, ಊರಿನ ಯುವಕ ಮಂಡಲ ಇವೆಲ್ಲವೂ ಕೂಟಗಳೇ. ಮನೆಗೆಲಸದ ಪಾಠವನ್ನು ತಿಳಿದುಕೊಳ್ಳಲೆಂದು ಮೊಬೈಲಿನಲ್ಲಿ ಕಟ್ಟಿಕೊಂಡ ಗುಂಪು ನಾಲ್ಕೇ ತಿಂಗಳಲ್ಲಿ ಶುಭಾಶಯ, ಹಾಸ್ಯ, ಜಗಳಗಳ ಸಂತೆಯಾದುದನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರಬಹುದು. ಅಲ್ಲಿ ಲೆಕ್ಕವೊಂದು ತಿಳಿಯದೆ ಪ್ರಶ್ನೆ ಕೇಳಿದ ಗೆಳೆಯನಿಗೆ ಉತ್ತರ ದೊರೆಯಿತೇ ಎಂಬುದನ್ನು ಒಮ್ಮೆ ಹಿಂತಿರುಗಿ ನೋಡಿರಿ. ಅವನು ಮತ್ತೆ ಕೇಳಿರಲಾರನು. ಅವನು ಸುಮ್ಮನಾದುದನ್ನು ಯಾರೂ ಗಮನಿಸಿರಲಾರರು.

ಕೂಟವು ಬೆಳೆಯಲಿ, ಬೆಳೆಯುವುದು ಜೀವಂತಿಕೆಯ ಲಕ್ಷಣ. ಆದರೆ ಎಷ್ಟು ಜನ ಬಂದರೆಂದು ಎಣಿಸುವಾಗ, ಯಾರು ಬರುವುದನ್ನು ಬಿಟ್ಟರೆಂದೂ ವಿಚಾರಿಸಬೇಕು. ಹೊಸಬರನ್ನು ಆದರದಿಂದ ಬರಮಾಡಿಕೊಳ್ಳುವಾಗ, ನಾವು ಮಾಡುವ ಕೆಲಸದ ಜೊತೆಗೆ ಅದರ ಕಾರಣವನ್ನೂ ಅವರಿಗೆ ಹೇಳಬೇಕು. ವರ್ಷಕ್ಕೊಮ್ಮೆಯಾದರೂ ಮೊದಲ ಹಾಳೆಯನ್ನು ತೆರೆದು, ‘ನಾವು ಕೂಡಿದ್ದು ಏತಕ್ಕಾಗಿ?’ ಎಂದು ಕೇಳಿಕೊಳ್ಳಬೇಕು. ಉತ್ತರವು ಬದಲಾಗಿದ್ದರೆ ತಿಳಿದು ಬದಲಾಗಿರಲಿ. ಮರೆತು ಬದಲಾಗುವುದು ಬೇಡ.